ಕೆಂಪು ಪಾಸು

ಜುಲೈ 3, ಬುಧವಾರ

ಮತ್ತೆ ಹಾಸಿಗೆ ಹೊತ್ತು ತಾರಸಿಗೆ ಹೋದೆ. ಹತ್ತಿ ಒದ್ದೆಯಾದರೆ ಹೆಣಭಾರ. ಮೆಟ್ಟಿಲು ಹತ್ತುವಷ್ಟರಲ್ಲಿ ಮಂಡಿ ಎರಡೂ ನನ್ನನ್ನು ಬೈದವು. ಬಿಸಿಲಿರುವ ಕಡೆ ಗೋಡೆಗೆ ಒರಗಿಸಿ ಸುಧಾರಿಸಿಕೊಳ್ಳುತ್ತಿದ್ದೆ. ಕೆಳಮನೆಯಾಕೆ ಬಟ್ಟೆ ಹರವುತ್ತಾ ಅಲ್ಲೇ ಇದ್ದಳು. ಇಲ್ಲದೆ ಎಲ್ಲಿಗೆ ಹೋಗುತ್ತಾಳೆ.

"ಏನಕ್ಕಾ, ನಿಮ್ಮ ರೂಮಲ್ಲಿ ಮಾತ್ರ ಮಳೆ ಬಂತಾ ರಾತ್ರಿ?"

"ಹೂಂ. ಗುಡುಗು ಸಿಡಿಲು ನಿಮ್ಮ ಮನೆಗೆ ಬರೋದಿದೆ, ಕಾಯ್ತಾ ಇರಿ" ಅಂದೆ.

ಬಾಯಿ ಮುಚ್ಚಿದಳು. ಆದರೆ ಮೂಗು ಮುಚ್ಚಲಿಲ್ಲ. ಸೆರಗು ಮೂಗಿಗೆ ಹಿಡಿದೇ ಇಳಿದು ಹೋದಳು.

ಕೆಳಗೆ ಬಂದರೆ ಬಾಬಿನ್ ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ. ಮಗಳ ಮಗಳು. ಏಳು ವರ್ಷ. ಒಂದು ಕಡೆ ನಿಲ್ಲದೆ ಹೊಲಿಗೆ ಮಷೀನಿನ ದಾರದ ಬಾಬಿನ್ ಹಾಗೆ ಗರಗರ ಸುತ್ತುತ್ತಾಳೆಂದು ನಾನೇ ಇಟ್ಟ ಹೆಸರು. ಬೆಳಗಿನ ಹೊತ್ತು ಮಾತ್ರ ಸುತ್ತುವುದಿಲ್ಲ.

ಮಗಳಿಗೆ ದೂರದ ಊರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಅಳಿಯ ಅನ್ನಿಸಿಕೊಂಡವನು ಎಂದೋ ಬಿಟ್ಟು ಹೋಗಿದ್ದಾನೆ, ಅವನ ಮಾತು ಬೇಡ. ಶಾಲೆ ಶುರುವಾದಾಗಿನಿಂದ ಮಗು ನನ್ನ ಹತ್ತಿರ. "ಅಪರೂಪಕ್ಕೆ ಹಾಸಿಗೆ ಒದ್ದೆ ಮಾಡ್ಕೋತಾಳೆ ಅಮ್ಮ, ಬೈಬೇಡ" ಎಂದು ಹೇಳಿ ಹೋಗಿದ್ದಳು. ಅಪರೂಪ! ದಿನಾ ಬೆಳಿಗ್ಗೆ ಅಪರೂಪ.

ಬೈದೆ.

ಜುಲೈ 5, ಶುಕ್ರವಾರ

ಕಾಲೇಜಿಗೆ ಹೋಗುವ ಹುಡುಗನ ಪ್ಯಾಂಟಿಗೆ ಜಿಪ್ ಹಾಕುತ್ತಾ ಯೋಚನೆ ಮಾಡಿದೆ. ಒಳಗೆ ಹೋಗದಿದ್ದರೆ ಹೊರಗೆ ಬರುವುದೆಲ್ಲಿಂದ? ಇಷ್ಟು ಸುಲಭದ ಲೆಕ್ಕ ಮಗಳಿಗೆ ಹೊಳೆದಿಲ್ಲ.

ಷರ್ಟು ಫ್ಯಾಕ್ಟರಿಯಲ್ಲಿ ಕಾಲರ್ ಕೂರಿಸುತ್ತಿದ್ದೆ, ಕೂದಲು ಬೆಳ್ಳಗಾಗುವ ತನಕ. ಲೈನಿಗೆಲ್ಲ, ಅಂದರೆ ಒಂದು ಸಾಲು ಮಷೀನಿನವರಿಗೆಲ್ಲ, ಒಂದೇ ಪಾಸು — ಕೆಂಪು ಬಣ್ಣ ಬಳಿದ ಮರದ ತುಂಡು, ಸೂಪರ್‌ವೈಸರ್ ಟೇಬಲ್ಲಿನ ಪಕ್ಕ ಮೊಳೆಗೆ ನೇತು ಹಾಕಿರುತ್ತಿದ್ದ. ಅದು ಮೊಳೆಯ ಮೇಲಿದ್ದರೆ ಬಾತ್‌ರೂಮಿಗೆ ಹೋಗಬಹುದು. ಇಲ್ಲದಿದ್ದರೆ ತೆಗೆದುಕೊಂಡು ಹೋದವಳು ಬರುವವರೆಗೆ ಕಾಲು ಬಿಗಿದು ಕೂತಿರಬೇಕು. ಎದ್ದು ಹೋದರೂ ಸುಖವಿಲ್ಲ. ಬರುವಷ್ಟರಲ್ಲಿ ಮುಂದೆ ಹೊಲಿಯಬೇಕಾದ ಬಂಡಲ್ ಗುಡ್ಡೆ ಬಿದ್ದಿರುತ್ತಿತ್ತು. ಬುದ್ಧಿವಂತೆಯರು ನೀರೇ ಮುಟ್ಟುತ್ತಿರಲಿಲ್ಲ. ನಾನು ಎಲ್ಲರಿಗಿಂತ ಬುದ್ಧಿವಂತೆ. ಬೆಳಿಗ್ಗೆ ಕೂತರೆ ಸಂಜೆ ಏಳುತ್ತಿದ್ದೆ. ಸೂಪರ್‌ವೈಸರ್ ಹೊಸ ಹುಡುಗಿಯರಿಗೆ ನನ್ನನ್ನು ತೋರಿಸುತ್ತಿದ್ದ, "ನೋಡಿ, ಇವಳಿಗೆ ಪಾಸಿನ ಬಣ್ಣ ಯಾವುದು ಅಂತಾನೂ ಗೊತ್ತಿಲ್ಲ" ಎಂದು.

ಈಗ ಕೆಮ್ಮಿದರೆ ಒಂದೆರಡು ಹನಿ. ಅದು ವಯಸ್ಸು, ಬೇರೆ ಮಾತು.

ಅಂದರೆ ತಡೆಯುವುದು ಕಲಿತರೆ ಬರುವ ವಿದ್ಯೆ. ನನಗೆ ಬಂದದ್ದು ಇವಳಿಗೆ ಬಾರದೇ?

ಇವತ್ತಿನಿಂದ ಮಧ್ಯಾಹ್ನದ ಮೇಲೆ ನೀರು ಬಂದ್. ಬೆಳಿಗ್ಗೆಯೂ ಗಂಟಲು ನೆನೆಯುವಷ್ಟು ಸಾಕು.

ಜುಲೈ 8, ಸೋಮವಾರ

ಪಾಸು ಮಾಡಿದೆ. ಗಟ್ಟಿ ರಟ್ಟಿಗೆ ಕೆಂಪು ಲೈನಿಂಗ್ ಬಟ್ಟೆ ಸುತ್ತಿ, ಅಂಚಿಗೆ ಹೊಲಿಗೆ ಹಾಕಿ, ಒಂದು ದಾರ. ನನ್ನ ಮಷೀನಿನ ಪಕ್ಕದ ಮೊಳೆಗೆ ತೂಗು ಹಾಕಿದೆ. ಬಾತ್‌ರೂಮಿಗೆ ಹೋಗಬೇಕಾದರೆ ನನ್ನನ್ನು ಕೇಳಬೇಕು, ನಾನು ಕೊಡಬೇಕು. ಕೇಳಿದ ಕೂಡಲೇ ಕೊಡುವುದಿಲ್ಲ. ಈ ಪ್ಯಾಂಟಿನ ಕಾಲು ಮುಗಿಯಲಿ, ಈ ತೋಳು ಮುಗಿಯಲಿ ಎಂದು ಸ್ವಲ್ಪ ಸ್ವಲ್ಪವೇ ಎಳೆಯುವುದು.

ಅಳುತ್ತಾಳೆ ಅಂದುಕೊಂಡಿದ್ದೆ. ಕಣ್ಣು ಅರಳಿಸಿದಳು.

"ನೀನು ಸೂಪರ್‌ವೈಸರಾ ಅಜ್ಜಿ?"

"ಹೂಂ."

"ಅಮ್ಮನ ಥರ?"

"ನಿಮ್ಮಮ್ಮನಿಗಿಂತ ಜೋರು."

"ಹಾಗಾದ್ರೆ ನಾನು ಲೈನು" ಎಂದು ಸ್ಟೂಲ್ ಎಳೆದುಕೊಂಡು ಬಂದು ನನ್ನೆದುರು ಕೂತಳು. ಚಿಂದಿ ಬಟ್ಟೆಗೆ ಸೂಜಿಯಲ್ಲಿ ಏನೋ ಚುಚ್ಚುತ್ತಾ, ಕಾಲು ಬಿಗಿದುಕೊಂಡು.

ಮಗುವಿಗೆ ಆಟವಾಯಿತು. ಒಳ್ಳೆಯದೇ.

ಜುಲೈ 12, ಶುಕ್ರವಾರ

ಎರಡು ದಿನ ಹಾಸಿಗೆ ಒಣಗಿತ್ತು! ಕೆಳಮನೆಯಾಕೆಗೆ ಕೇಳಿಸುವ ಹಾಗೆ ಮೆಟ್ಟಿಲ ಮೇಲೆ ನಿಂತು ಹೇಳಿದೆ, ತಾರಸಿಯಲ್ಲಿ ಇವತ್ತು ಜಾಗ ಖಾಲಿ ಇದೆ, ಬೇಕಾದವರು ಹಾಸಿಗೆ ಒಣಗಿಸಿಕೊಳ್ಳಲಿ ಎಂದು.

ಶಾಲೆಯಿಂದ ಬಂದವಳು ಬಾಗಿಲಲ್ಲೇ ಕೂಗುತ್ತಾಳೆ — "ಅಜ್ಜೀ! ಇವತ್ತು ಶಾಲೇಲಿ ಒಂದು ಸಲಾನೂ ಪಾಸ್ ತಗೊಳ್ಳಲಿಲ್ಲ!" ಓಡಿ ಬಂದು ಮಷೀನಿನ ಕೆಳಗೆ ಹಿಮ್ಮಡಿಯ ಮೇಲೆ ಕೂರುತ್ತಾಳೆ. ಒಂದು ಹಿಮ್ಮಡಿ ಒತ್ತಿಕೊಂಡು, ಹಲ್ಲು ಕಚ್ಚಿ. ಆ ಭಂಗಿ ನನಗೆ ಚೆನ್ನಾಗಿ ಗೊತ್ತು. ಲೈನಿನಲ್ಲಿ ಅರ್ಧ ಹೆಂಗಸರು ಹಾಗೇ ಕೂರುತ್ತಿದ್ದದ್ದು.

"ಭೇಷ್" ಅಂದೆ. ಬೆನ್ನು ತಟ್ಟಿದೆ. ನಗು ಕಿವಿಯವರೆಗೆ.

ಮಗಳಿಗೆ ಫೋನಿನಲ್ಲಿ ಹೇಳಿದೆ, ನಿನ್ನ ಮಗಳು ಸರಿ ಹೋದಳು ಎಂದು. "ಏನು ಮಾಡ್ದೆ ಅಮ್ಮ?" ಅಂದಳು. "ನಿನಗೇನು ಅದೆಲ್ಲ. ನೀನು ನಿನ್ನ ಟಾರ್ಗೆಟ್ ನೋಡ್ಕೋ" ಅಂದೆ.

ಜುಲೈ 22, ಸೋಮವಾರ

ಮತ್ತೆ ಶುರು. ಈಗ ಮೊದಲಿಗಿಂತ ಜಾಸ್ತಿ. ವಾಸನೆಯೂ ಕಟು. ನೀರು ಇನ್ನೂ ಕಡಿಮೆ ಮಾಡಿದೆ.

ಊಟ ಅರ್ಧಕ್ಕೇ ಬಿಡುತ್ತಾಳೆ. ಹೊಟ್ಟೆ ಗಟ್ಟಿ ಅನ್ನುತ್ತಾಳೆ. ಕಳ್ಳಿ. ಶಾಲೆ ತಪ್ಪಿಸಲು ನೆಪ.

ಜುಲೈ 30, ಮಂಗಳವಾರ

ಮಾನ ಹೋಯಿತು ಇವತ್ತು.

ಬ್ಯಾಂಕಿನಲ್ಲಿ ಕೆಲಸ ಮಾಡುವಾತ ಕೋಟು, ಪ್ಯಾಂಟು ಸರಿ ಮಾಡಲು ಕೊಟ್ಟಿದ್ದ. ಮುಗಿಸಿ, ಇಸ್ತ್ರಿ ಮಾಡಿ, ಚೀಲದಲ್ಲಿಟ್ಟಿದ್ದೆ. ಆತ ಬಂದು ಚೀಲ ಬಿಚ್ಚಿದ. ಕೋಟಿನ ಜೊತೆ ಸುರುಳಿ ಸುತ್ತಿದ ಬಾಬಿನ್ನಳ ಲಂಗ, ಒಳಚಡ್ಡಿ. ಒದ್ದೆ. ಆತ ಎರಡು ಬೆರಳಲ್ಲಿ ಎತ್ತಿ ಹಿಡಿದು ನನ್ನ ಮುಖ ನೋಡಿದ.

"ಇದು ನಂದಲ್ಲ ಅನ್ಸುತ್ತೆ" ಅಂದ.

ತಮಾಷೆ ಮಾಡಿದನೋ, ಹೇಸಿದನೋ. ಕೋಟು ತೊಳೆಸಿ ಕೊಡುತ್ತೇನೆ ಅಂದೆ. ಬೇಡಮ್ಮ ಎಂದು ತೆಗೆದುಕೊಂಡು ಹೋದ. ಇನ್ನು ಬರುವುದಿಲ್ಲ.

ಹಗಲಲ್ಲೂ ಸೋರುತ್ತಿದೆಯಂತೆ. ಶಾಲೆಯಿಂದ ಬರುವ ದಾರಿಯಲ್ಲಿ. ನನಗೆ ಹೆದರಿ ಬಚ್ಚಿಟ್ಟಿದ್ದಾಳೆ. ಎಲ್ಲಿ ಸಿಕ್ಕಿತೋ ಅಲ್ಲಿ. ಸೋಫಾದ ಹಿಂದೆ ಒಂದು ಸಿಕ್ಕಿತು, ದಾರದ ಡಬ್ಬಿಯ ಕೆಳಗೆ ಒಂದು.

ಕೈ ಎತ್ತಿದೆ. ಹೊಡೆದೂ ಬಿಟ್ಟೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಬಾಯಿ ನಿಲ್ಲಲಿಲ್ಲ. "ನಿನ್ನಂಥ ಪೀಸನ್ನ ಲೈನಲ್ಲಿ ಇಟ್ಕೊಳ್ತಿರಲಿಲ್ಲ. ರಿಜೆಕ್ಟ್ ಅಂತ ಸೀಲ್ ಹೊಡೆದು ವಾಪಸ್ ಕಳಿಸ್ತಿದ್ವಿ" ಅಂದೆ.

ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ಪಾಸಿನ ಕಡೆ ನೋಡುತ್ತಾ ನಿಂತಳು.

ಆಗಸ್ಟ್ 9, ಶುಕ್ರವಾರ. ಆಸ್ಪತ್ರೆ ಬೆಂಚು

ಬುಧವಾರದಿಂದ ಜ್ವರ. ಶೀತದ್ದು ಅಂದುಕೊಂಡು ಮಾತ್ರೆ ಕೊಟ್ಟೆ. ನಿನ್ನೆ ಸಂಜೆ ಮೈ ಬಾಣಲೆಯಷ್ಟು ಬಿಸಿ. ಸೊಂಟದ ಮೇಲೆ, ಬೆನ್ನಲ್ಲಿ ನೋವು ಎಂದು ಮಗ್ಗುಲಾಗಿ ಮುದುಡಿಕೊಂಡಳು. ಚಳಿಗೆ ಹಲ್ಲು ಕಟಕಟ. ಹಾಗೇ ಎತ್ತಿಕೊಂಡು ಇಳಿದೆ. ಕೆಳಮನೆಯಾಕೆ ಕೇಳದೆಯೇ ಗಂಡನ ಸ್ಕೂಟರ್ ಹೊರಡಿಸಿದಳು. ಹಿಂದೆ ಕೂತು ಮಗುವನ್ನು ಮಧ್ಯೆ ಹಿಡಿದುಕೊಂಡೆ. ಬಾಬಿನ್ ನನ್ನ ಕಿವಿಯ ಹತ್ತಿರ ಹೇಳುತ್ತಿದ್ದದ್ದು ಒಂದೇ — "ಅಜ್ಜಿ, ತಡ್ಕೊಂಡಿದೀನಿ. ತಡ್ಕೊಂಡಿದೀನಿ."

ಮೂತ್ರದಲ್ಲಿ ಸೋಂಕು. ಮೂತ್ರಪಿಂಡದವರೆಗೆ ಹೋಗಿದೆಯಂತೆ. ಕೈಗೆ ಸೂಜಿ ಚುಚ್ಚಿ ಬಾಟಲಿ ಹಾಕಿದ್ದಾರೆ. ಅಷ್ಟು ಚಿಕ್ಕ ಕೈಗೆ ಅಷ್ಟು ದೊಡ್ಡ ಪಟ್ಟಿ.

ಮಗಳು ಬಸ್ಸಿನಲ್ಲಿದ್ದಾಳೆ.

ಬರೆಯದೆ ಕೂತರೆ ಈ ಬೆಂಚು ನುಂಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಆಗಸ್ಟ್ 10, ಶನಿವಾರ

ಜ್ವರ ಇಳಿದಿದೆ. ದೇವರು ದೊಡ್ಡವನು. ನಾನು ಚಿಕ್ಕವಳು. ಎಷ್ಟು ಚಿಕ್ಕವಳು ಅನ್ನುವುದು ಇವತ್ತು ಗೊತ್ತಾಯಿತು.

ಬೆಳಿಗ್ಗೆ ಮಕ್ಕಳ ಡಾಕ್ಟರು ಬಂದರು. ಹೆಂಗಸು. ಮಾತು ಚುರುಕು, ಕೈ ಮೆತ್ತಗೆ. ಬಾಬಿನ್ನಳ ಹೊಟ್ಟೆ ಒತ್ತಿ ನೋಡಿದರು.

"ಎಷ್ಟು ದಿನಕ್ಕೊಂದು ಸಲ ಕಕ್ಕಸಿಗೆ ಹೋಗ್ತೀಯ ಪುಟ್ಟಾ?"

ಅವಳು ನನ್ನ ಮುಖ ನೋಡಿದಳು. ನನಗೇನು ಗೊತ್ತು. ನಾನು ಇನ್ನೊಂದನ್ನೇ ಲೆಕ್ಕ ಹಾಕುತ್ತಿದ್ದೆ.

"ನೆನಪಿಲ್ಲ" ಅಂದಳು.

ಹೊಟ್ಟೆಯಲ್ಲಿ ಮಲ ಕಲ್ಲಿನ ಹಾಗೆ ಕಟ್ಟಿಕೊಂಡಿದೆಯಂತೆ. ಅದು ಪಕ್ಕದ ಮೂತ್ರದ ಚೀಲವನ್ನು ಒತ್ತುತ್ತದೆ. ಚೀಲಕ್ಕೆ ಜಾಗವಿಲ್ಲ, ಸೋರುತ್ತದೆ. ತಡೆದೂ ತಡೆದೂ ಒಳಗೆ ನಿಂತದ್ದು ಕೆಟ್ಟು ಸೋಂಕಾಗುತ್ತದೆ. ಇನ್ನು ರಾತ್ರಿಯದು — ಚೀಲ ತುಂಬಿದ್ದು ನಿದ್ದೆಯಲ್ಲಿ ಮಗುವಿಗೆ ತಿಳಿಯುವುದೇ ಇಲ್ಲವಂತೆ. ಕೆಲವರಿಗೆ ಆ ಎಚ್ಚರ ತಡವಾಗಿ ಬರುತ್ತದೆ. ಸೋಮಾರಿತನವಲ್ಲ, ಹಟವಲ್ಲ. "ಬೈದ್ರೆ ಸರಿ ಹೋಗೋದಾಗಿದ್ರೆ ನನಗೆ ಕೆಲಸಾನೇ ಇರ್ತಿರಲಿಲ್ಲ ಅಮ್ಮಾ" ಎಂದು ನಕ್ಕರು. ನಾನು ನಗಲಿಲ್ಲ.

ಆಮೇಲೆ ಕೇಳಿದರು, "ದಿನಕ್ಕೆ ಎಷ್ಟು ನೀರು ಕುಡೀತಾಳೆ?"

ಮಗಳು ನನ್ನ ಕಡೆ ತಿರುಗಿದಳು. ರಾತ್ರಿಯಿಡೀ ಪ್ರಯಾಣ ಮಾಡಿದ ಮುಖ. ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಬಾಬಿನ್. "ನನಗೆ ನೀರು ಇಷ್ಟ ಇಲ್ಲ. ಅಜ್ಜಿ ಕೊಡ್ತಾಳೆ. ನಾನೇ ಚೆಲ್ಲಿಬಿಡ್ತೀನಿ."

"ಯಾಕೇ ಚೆಲ್ತೀಯ?" ಮಗಳಿಗೆ ಸಿಟ್ಟು ಬಂತು. ನನ್ನದೇ ರಕ್ತ. "ಅಜ್ಜಿ ಅಷ್ಟು ಕಷ್ಟಪಟ್ಟು ನೋಡ್ಕೊಂಡ್ರೆ ನೀರು ಚೆಲ್ತೀಯಾ? ನೋಡು ಈಗ ಏನು ಮಾಡ್ಕೊಂಡಿದೀಯ!"

ಮಗು ತಲೆ ತಗ್ಗಿಸಿ ಬೈಗುಳ ತಿಂದಳು. ಕೈಯಲ್ಲಿ ಸೂಜಿ ಇಟ್ಟುಕೊಂಡು. ನನ್ನ ಪಾಲಿನ ಬೈಗುಳ.

ನಾನು ಬಾಯಿ ಮುಚ್ಚಿದೆ. ತೆರೆದದ್ದನ್ನು ಹಾಗೇ ಮುಚ್ಚಿಬಿಟ್ಟೆ. ಊರಿಗೆಲ್ಲ ಬೈಯುವ ಬಾಯಿ ಇದು... ಬೇಕಾದಾಗ ಹೊಲಿಗೆ ಹಾಕಿದ ಹಾಗೆ.

ಆಗಸ್ಟ್ 12, ಸೋಮವಾರ

ನಿನ್ನೆ ಬಿಟ್ಟು ಕಳಿಸಿದರು. ಮಗಳು ಇನ್ನಷ್ಟು ರಜೆ ಸಿಗದೆ ವಾಪಸ್ ಹೋದಳು.

ಮಧ್ಯಾಹ್ನ ಅವಳು ಕೆಲಸದಲ್ಲಿರುವಾಗಲೇ ಫೋನ್ ಮಾಡಿದೆ. ಮೊದಲು ಅದೂ ಇದೂ ಮಾತು. ಆಮೇಲೆ ಹೇಳಿದೆ. ನೀರು ನಿಲ್ಲಿಸಿದ್ದು. ಪಾಸು. ಹೊಡೆದದ್ದು. ರಿಜೆಕ್ಟ್ ಅಂದದ್ದು. ಒಂದೂ ಬಿಡಲಿಲ್ಲ. ಕ್ಷಮಿಸು ಅನ್ನುವುದು ಬಾಯಿಗೆ ಬರಲಿಲ್ಲ, ಅಭ್ಯಾಸವಿಲ್ಲ. "ಇಷ್ಟು ಮಾಡಿದೀನಿ, ಇನ್ನು ನಿನ್ನಿಷ್ಟ" ಅಂದೆ.

ಹಿಂದೆ ಮಷೀನುಗಳ ಸದ್ದು ಮಾತ್ರ.

"ಅಮ್ಮಾ" ಅಂದಳು. "ಆ ಪಾಸು ನನ್ನ ಟೇಬಲ್ ಮೇಲೂ ಇದೆ. ಇಲ್ಲಿ ಪ್ಲಾಸ್ಟಿಕ್ಕು, ಅಷ್ಟೇ. ಒಬ್ಬಳು ಈಗ ಎದುರಿಗೇ ನಿಂತಿದಾಳೆ, ಕೊಡ್ತೀನೇನೋ ಅಂತ ಕಾಯ್ತಾ."

"ಕೊಡೇ ಅವಳಿಗೆ, ಮೊದಲು ಕೊಡು!" ಎಂದು ಕೂಗಿದೆ.

ಕೊಟ್ಟಳೋ ಏನೋ. ಟೇಬಲ್ ಮೇಲೆ ಏನೋ ಸರಿದ ಸದ್ದು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು, "ಫ್ಯಾಕ್ಟರೀಲಿ ನಿನ್ನನ್ನ ಹಾಗೆ ಕೂರಿಸಿದ್ರು. ನೀನು ಮನೇಲಿ ಮಗೂನ ಕೂರಿಸಿದೆ. ನನ್ನ ಮಗು ಅಮ್ಮ ಅದು. ನಿನ್ನ ಮೇಲೆ ನಂಬಿಕೆ ಇಟ್ಟು ಬಿಟ್ಟಿದ್ದೆ." ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ.

"ಶನಿವಾರ ಬರ್ತೀನಿ. ಅವಳ ಬಟ್ಟೆ ಜೋಡಿಸಿಡು. ಇಲ್ಲಿ ಫ್ಯಾಕ್ಟರಿ ಪಕ್ಕದಲ್ಲೇ ಮಕ್ಕಳನ್ನ ನೋಡ್ಕೊಳ್ಳೋರು ಒಬ್ಬರಿದಾರೆ."

"ಶಾಲೆ?"

"ಇಲ್ಲೂ ಶಾಲೆ ಇದೆ."

ಇಟ್ಟಳು.

ಪಾಸನ್ನು ಕತ್ತರಿಯಲ್ಲಿ ತುಂಡು ಮಾಡಿ ಬುಟ್ಟಿಗೆ ಹಾಕಿದೆ.

ಆಗಸ್ಟ್ 14, ಬುಧವಾರ

ಹೊಟ್ಟೆ ಸಡಿಲವಾಗುವ ಪುಡಿ ಬೆಳಿಗ್ಗೆ. ನೀರು ಹಗಲೆಲ್ಲ ಸ್ವಲ್ಪ ಸ್ವಲ್ಪ, ಮಲಗುವ ಹೊತ್ತಿಗೆ ಕಡಿಮೆ. ಬಂದರೂ ಬಾರದಿದ್ದರೂ ಆಗಾಗ ಬಾತ್‌ರೂಮಿಗೆ ಹೋಗಿ, ಪಾದ ನೆಲಕ್ಕೂರಿ, ಅವಸರವಿಲ್ಲದೆ ಕೂರಬೇಕು. ಡಾಕ್ಟರು ಹೇಳಿದ್ದು. ಇಷ್ಟೇ. ಮಾಡುವುದಕ್ಕೆ ಸುಲಭ.

ಕುಡಿಸುವುದು ಸುಲಭವಲ್ಲ. ಲೋಟ ಹಿಡಿದರೆ ತುಟಿ ಒದ್ದೆ ಮಾಡಿಕೊಂಡು ಕೆಳಗಿಡುತ್ತಾಳೆ. ಬಾತ್‌ರೂಮಿನ ಬಾಗಿಲ ಮುಂದೆ ನಿಲ್ಲುತ್ತಾಳೆ. ಒಂದು ಕಾಲ ಮೇಲೆ ಒಂದು ಕಾಲು. ಒಳಗೆ ಹೋಗುವುದಿಲ್ಲ.

"ಹೋಗೇ, ಯಾರು ಹಿಡಿದ್ರು?"

"ಇನ್ನೂ ಬಂದಿಲ್ಲ."

"ಬಂದಿದೆ, ನಿನ್ನ ಕಾಲು ಹೇಳ್ತಿದೆ."

"ಇನ್ನೂ ಸ್ವಲ್ಪ ತಡ್ಕೋಬಲ್ಲೆ ಅಜ್ಜಿ. ನೋಡ್ತಿರು."

ಮೆಚ್ಚಿಸುವುದಕ್ಕೆ. ಈಗಲೂ. ಬೈಯಲು ಬಾಯಿ ತೆರೆದೆ — ಬೈದರೆ ಇನ್ನೂ ತಡೆಯುತ್ತಾಳೆ. ಸುಮ್ಮನಿದ್ದರೂ ತಡೆಯುತ್ತಾಳೆ. ನನಗೆ ಬರುವ ಭಾಷೆಯೇ ಇದೊಂದು. ಕೊನೆಗೆ ಎತ್ತಿಕೊಂಡು ಹೋಗಿ ಕೂರಿಸಿ ಬಾಗಿಲಲ್ಲೇ ನೆಲದ ಮೇಲೆ ಕೂತೆ. ಆಗ ಅಲ್ಲೇ ಕೂತು ಕೇಳಿದಳು, "ಚೀಲಕ್ಕೆ ನನ್ನ ಬಟ್ಟೆ ಯಾಕೆ ತುಂಬಿದೆ?"

"ಅಮ್ಮ ಕರ್ಕೊಂಡು ಹೋಗ್ತಾಳೆ ನಿನ್ನ."

"ರಿಜೆಕ್ಟ್ ಆದೆ ಅಂತ ವಾಪಸ್ಸಾ?"

ಎದೆಗೆ ಸೂಜಿ ಮುರಿದು ಹೊಕ್ಕ ಹಾಗೆ. ಅರುವತ್ತು ದಾಟಿದವಳು ಬಾತ್‌ರೂಮಿನ ಬಾಗಿಲಲ್ಲಿ ಕೂತು ಕಣ್ಣು ಒರೆಸಿಕೊಂಡೆ.

"ರಿಜೆಕ್ಟ್ ನೀನಲ್ಲ. ಹೊಲಿದವಳು ಕೆಟ್ಟದಾಗಿ ಹೊಲಿದ್ರೆ ಬಟ್ಟೆ ಏನು ಮಾಡುತ್ತೆ? ತಪ್ಪು ನಂದು. ನಿಮ್ಮಮ್ಮನಿಗೂ ಹೇಳಿದೀನಿ. ಆಸ್ಪತ್ರೇಲೇ ಹೇಳಬೇಕಿತ್ತು, ಹೆದರಿದೆ."

"ನೀನು? ಹೆದರಿದ್ಯಾ?" ನಂಬಲಿಲ್ಲ.

"ಹೂಂ."

"ನೀನು ತಪ್ಪು ಮಾಡಿದ್ರೆ ನಿನ್ನ ಯಾರು ಬೈತಾರೆ?"

"ನಿಮ್ಮಮ್ಮ."

"ಜೋರಾಗಿ ಬೈತಾಳಾ?"

"ಬೈತಾಳೆ. ನನ್ನ ಮಗಳಲ್ವಾ."

"ನಾನು ಹೇಳ್ತೀನಿ ಬಿಡು, ಮೆತ್ತಗೆ ಬೈ ಅಂತ" ಅಂದಳು. ಅಷ್ಟು ಹೊತ್ತಿಗೆ ಒಳಗೆ ನೀರು ಬಿದ್ದ ಸದ್ದು. ತುಂಬ ಹೊತ್ತು ಬಿತ್ತು.

ಆಗಸ್ಟ್ 16, ಶುಕ್ರವಾರ

ಮೂಲೆಯಲ್ಲಿ ಬಿದ್ದಿದ್ದ ಮಳೆಕೋಟಿನ ಬಟ್ಟೆ ತೆಗೆದು ಹಾಸಿಗೆಗೆ ಗವಸು ಹೊಲಿದೆ. ಮೇಲೆ ಮೆತ್ತನೆಯ ಹತ್ತಿ ಬಟ್ಟೆ, ಇಲ್ಲದಿದ್ದರೆ ಮೈಗೆ ಅಂಟುತ್ತದೆ, ಸರಸರ ಸದ್ದು ಬೇರೆ. ಮೂರು ಕಡೆ ಜಿಪ್. ಒಬ್ಬಳೇ ಬಿಚ್ಚಿ ಹಾಕಬಹುದು. ಈ ಕೆಲಸ ಮೊದಲ ವಾರವೇ ಮಾಡಬಹುದಿತ್ತು. ಬಟ್ಟೆ ನನ್ನ ಕೈಯಲ್ಲೇ ಇತ್ತು. ಪಾಸು ಹೊಲಿಯಲು ಹೋದೆ.

ಮಗಳ ಊರಿಗೇ ಹೋಗುತ್ತದೆ ಇದು. ಹೋಗಲಿ.

ಕೆಳಮನೆಯಾಕೆ ಬಂದು ಗವಸು ಮುಟ್ಟಿ ನೋಡಿದಳು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಅಕ್ಕಾ, ನಮ್ಮ ದೊಡ್ಡವನಿಗೂ ಒಂದು ಹೊಲಿದು ಕೊಡ್ತೀರಾ?" ಅಂದಳು. ದೊಡ್ಡವನು ಐದನೇ ಕ್ಲಾಸು.

ಅಯ್ಯೋ ಹೆಂಗಸೇ. ಮಳೆ ಬಂತಾ ಅಂತ ನನ್ನನ್ನು ಕೇಳುತ್ತಿದ್ದೆಯಲ್ಲ. ಬಾಯಿ ತುದಿಗೆ ಬಂದ ಮಾತು ನುಂಗಿದೆ. "ಹಾಸಿಗೆ ಅಳತೆ ತಾ" ಅಂದೆ.

ಆಗಸ್ಟ್ 18, ಭಾನುವಾರ, ಬೆಳಿಗ್ಗೆ

ಮಗಳು ನಿನ್ನೆ ಸಂಜೆ ಬಂದಳು. ನನ್ನ ಜೊತೆ ಬೇಕಾದಷ್ಟೇ ಮಾತು. ಉಪ್ಪು ಎಲ್ಲಿದೆ, ಟವೆಲ್ ಎಲ್ಲಿದೆ. ಬಾಬಿನ್ನಳ ಪಕ್ಕ ಅವಳೇ ಮಲಗಿದಳು.

ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ಒಳಗಿನಿಂದ ಬಾಬಿನ್ನಳ ದನಿ. "ಅಮ್ಮಾ... ಒದ್ದೆ. ನಿನ್ನ ಸೀರೇನೂ."

ಬಚ್ಚಿಡಲಿಲ್ಲ. ತಾನಾಗಿ ಹೇಳಿದಳು. ಸೌಟು ಹಿಡಿದು ನಿಂತೇ ಇದ್ದೆ.

"ಹೌದಾ? ಏಳು, ಇಬ್ಬರೂ ಸ್ನಾನ ಮಾಡೋಣ" ಅಂದಳು ಮಗಳು. ಆಮೇಲೆ ದನಿ ತಗ್ಗಿಸಿ, "ನಿನಗೊಂದು ಗುಟ್ಟು ಹೇಳ್ಲಾ? ನಾನೂ ಹೀಗೇ ಮಾಡ್ಕೋತಿದ್ದೆ. ನಿನಗಿಂತ ದೊಡ್ಡವಳಾಗೋವರೆಗೂ."

"ಸುಳ್ಳು! ಅಜ್ಜಿ ಬೈಲಿಲ್ವಾ?"

"ಅಜ್ಜಿಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಬೇಗ ಫ್ಯಾಕ್ಟರಿಗೆ ಹೋಗಿಬಿಡ್ತಿದ್ಲಲ್ಲ. ನನ್ನ ಅಜ್ಜಿ ಒಗೆದು, ಒಣಗಿಸಿ, ಸಂಜೆಯೊಳಗೆ ಹಾಸಿಡ್ತಿದ್ರು. ನಿಮ್ಮಮ್ಮನ ಕಿವಿಗೆ ಬಿದ್ರೆ ಮನೆ ಎತ್ತಿ ಕುಣಿಸ್ತಾಳೆ, ಸುಮ್ನಿರು ಅಂತಿದ್ರು."

ಇಬ್ಬರೂ ನಕ್ಕರು.

ನನ್ನ ಮನೆ. ನನ್ನ ಮಗಳು. ನನ್ನ ತಾಯಿ. ವರ್ಷಗಟ್ಟಲೆ ನಡೆದಿದೆ, ನನಗೆ ಸುದ್ದಿಯಿಲ್ಲ. ನನಗೆ ಕಾಣದ ಹಾಗೆ ಒಣಗುತ್ತಿತ್ತು ಎಲ್ಲ. ಇದು ರಕ್ತದಲ್ಲೇ ಬರುವುದೂ ಉಂಟು ಎಂದು ಡಾಕ್ಟರು ಹೇಳಿ, ನಿಮ್ಮಲ್ಲಿ ಯಾರಿಗಾದರೂ ಇತ್ತಾ ಎಂದು ಕೇಳಿದ್ದರು. ಯಾರಿಗೂ ಇಲ್ಲ ಎಂದು ಎದೆ ಸೆಟೆಸಿ ಹೇಳಿದ್ದೆ. ಆಗ ಮಗಳು ಕಿಟಕಿಯ ಕಡೆ ನೋಡಿದ್ದಳು.

ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಯಾರೂ ಬೈಯಲಿಲ್ಲ. ಬೈಯುವವಳು ನಾನೊಬ್ಬಳೇ ತಾನೇ ಈ ಮನೆಯಲ್ಲಿ.

ಅದೇ ದಿನ, ಸಂಜೆ

ಹೋದರು.

ಉಳಿಸಿಕೊಳ್ಳುತ್ತೇನೆ ಎಂದು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. "ರಜೆಗೆ ಕರ್ಕೊಂಡು ಬರ್ತೀನಿ" ಎಂದು ಮಗಳೇ ಅಂದಳು. "ನೋಡೋಣ" ಎಂದೂ ಸೇರಿಸಿದಳು. ಸರಿಯಾಗಿಯೇ ಅಂದಳು.

ಬಸ್ ನಿಲ್ದಾಣದಲ್ಲಿ ಇಬ್ಬರನ್ನೂ ಹತ್ತಿಸಿ ಕಿಟಕಿಯ ಕೆಳಗೆ ನಿಂತಿದ್ದೆ. ಎಂಜಿನ್ ಶುರುವಾಯಿತು. ಬಾಬಿನ್ ಕಿಟಕಿಯಲ್ಲಿ ಕೂತು ಸುಮ್ಮನೆ ನನ್ನನ್ನೇ ನೋಡುತ್ತಿದ್ದಾಳೆ. ಆ ನೋಟ ಗೊತ್ತು ನನಗೆ. ಸೀಟಿನ ಮೇಲೆ ಕಾಲು ಮಡಚಿ, ಒಂದು ಹಿಮ್ಮಡಿ ಒತ್ತಿಕೊಂಡು ಕೂತಿದ್ದಾಳೆ.

"ಬಂತಾ?" ಅಂದೆ.

ಇಲ್ಲ ಎಂದು ತಲೆ ಆಡಿಸಿದಳು. ಬಸ್ಸು ಸ್ವಲ್ಪ ಮುಂದೆ ಸರಿಯಿತು. ಅವಳ ಮುಖ ಬಿಗಿಯಿತು, ತುಟಿ ಕಚ್ಚಿದಳು, ಆಮೇಲೆ ಇಡೀ ನಿಲ್ದಾಣಕ್ಕೆ ಕೇಳಿಸುವ ಹಾಗೆ —

"ಅಜ್ಜೀ! ಬಂತು! ಈಗಲೇ!"

ಕಾಲಿಗೆ ಎಲ್ಲಿಂದ ಬಲ ಬಂತೋ. ಓಡಿ ಹೋಗಿ ಬಸ್ಸಿನ ಮೂತಿಯ ಮುಂದೆ ನಿಂತೆ. ಡ್ರೈವರ್ ಹಾರ್ನ್ ಬಡಿದ. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು, "ಏನಮ್ಮಾ, ಸಾಯೋಕೆ ನಮ್ಮ ಬಸ್ಸೇ ಬೇಕಾ?" ಅಂದ.

"ಮಗು ಬಾತ್‌ರೂಮಿಗೆ ಹೋಗ್ಬೇಕು. ಇಳಿಸು."

"ಮುಂದಿನ ಸ್ಟಾಪಲ್ಲಿ ಹೋಗ್ಲಿ, ಅಲ್ಲೀತನಕ ತಡ್ಕೊಳ್ಳಕ್ಕೆ ಹೇಳಿ."

"ತಡ್ಕೊಳ್ಳಲ್ಲ! ಯಾಕೆ ತಡ್ಕೋಬೇಕು? ನೀನು ತಡ್ಕೋ! ನಿನ್ನ ಡ್ರೈವರ್ ತಡ್ಕೊಳ್ಳಲಿ! ಮಗು ತಡ್ಕೊಳ್ಳಲ್ಲ!"

ಬಸ್ಸಿನೊಳಗೆ ಯಾರೋ ನಕ್ಕರು. ಯಾರೋ ಮುದುಕ, "ಇಳಿಸಪ್ಪಾ, ನಂಗೂ ಹೋಗ್ಬೇಕು" ಅಂದ. ಇಬ್ಬರು ಹೆಂಗಸರು ಮಾತಿಲ್ಲದೆ ಎದ್ದು ಇಳಿದರು. ಎಲ್ಲರ ಮುಂದೆ ನನ್ನ ಬಾಬಿನ್, ಅಮ್ಮನ ಕೈ ಎಳೆದುಕೊಂಡು, ಜಾಗ ಬಿಡಿ ಜಾಗ ಬಿಡಿ ಅನ್ನುತ್ತಾ.

ವಾಪಸ್ ಬರುವವರೆಗೆ ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದೆ. ಹತ್ತುವಾಗ ಮಗಳು ನನ್ನ ಕಡೆ ನೋಡಿದಳು. ಸಿಟ್ಟು ಹೋಗಿಲ್ಲ. ಆದರೆ ನೋಡಿದಳು.

ಮನೆಗೆ ಬಂದರೆ ಸ್ಟೂಲು ಅವಳು ಎಳೆದು ಹಾಕಿದ ಜಾಗದಲ್ಲೇ ಇದೆ. ಎತ್ತಿಡಲಿಲ್ಲ.

ಆಗಸ್ಟ್ 20, ಮಂಗಳವಾರ, ಬೆಳಿಗ್ಗೆ

ಹಾಸಿಗೆ ಒಣಗಿದೆ. ಒದ್ದೆಯಾಗಲು ಮಲಗಿದವರಿರಬೇಕಲ್ಲ.

ಕೆಳಮನೆಯ ದೊಡ್ಡವನ ಗವಸಿಗೆ ಬಟ್ಟೆ ಕತ್ತರಿಸುತ್ತಾ ಕೂತಿದ್ದೆ. ಬಾಬಿನ್ ಅಲ್ಲಿ ಎದ್ದಿರುತ್ತಾಳೆ ಇಷ್ಟು ಹೊತ್ತಿಗೆ. ಹೊಸ ಜಾಗ, ಹೊಸ ಗೋಡೆ. ಹೇಗಿತ್ತೋ ರಾತ್ರಿ. ಕೇಳಬೇಕು ಅನ್ನಿಸುತ್ತದೆ. ಕೇಳಿದರೆ ಅದೂ ಒಂದು ತಪಾಸಣೆ ಆಗುತ್ತದೆ, ಬೆಳಿಗ್ಗೆ ಬೆಳಿಗ್ಗೆ. ಕೇಳಬಾರದು.

ಫೋನು ಬಡಿದುಕೊಳ್ಳುತ್ತಿದೆ. ಮಗಳ ನಂಬರು. ಮಗಳಾಗಿದ್ದರೆ ಎರಡು ಸಲ ಬಡಿದು ಬಿಡುತ್ತಿದ್ದಳು. ಇದು ಬಿಡುತ್ತಿಲ್ಲ. ಅವಳೇ. ಒದ್ದೆ ಅಂದರೂ, ಒಣಗಿದೆ ಅಂದರೂ ನಾನು ಹೇಳಬೇಕಾದ ಮಾತು ಒಂದೇ, ಮಗಳು ಅಂದ ಹಾಗೆ "ಹೌದಾ?" ಅಂತ, ಅದನ್ನು ಮೆತ್ತಗೆ ಹೇಳಬೇಕು. ಎತ್ತುತ್ತೇನೆ.